ರೂಮು, ರಕ್ತಪರೀಕ್ಷೆ, ರಾಜ್ಯೋತ್ಸವದ ಶಿಬಿರ: ಹಾಸನದ ಗೇ ಒಬ್ಬನ ಲೋಕಾಭಿರಾಮ

ಹೇಮಾವತಿ_ದಂಡೆ:

ನಮ್ಮ ಕಡೆ ಲಾಡ್ಜಿನಲ್ಲಿ ಇಬ್ಬರು ಗಂಡಸರಿಗೆ ರೂಮು ಕೊಡೋಕೆ ಯಾರೂ ಹಿಂದೆ ಮುಂದೆ ನೋಡಲ್ಲ. ಗಂಡು ಹೆಣ್ಣು ಜೊತೆಗೆ ಹೋದ್ರೆ ಆಧಾರ್‌ನಲ್ಲಿ ವಿಳಾಸ ಒಂದೇನಾ, ಕತ್ತಲ್ಲಿ ತಾಳಿ ಇದೆಯಾ ಅಂತ ಕೌಂಟರಿನವನ ಕಣ್ಣು ಓಡಾಡುತ್ತೆ. ನಾನೂ ನನ್ನವನೂ ಹೋದ್ರೆ "ಡಬಲ್ ಕಾಟ್ ಒಂದೇ ಖಾಲಿ ಇರೋದು ಸಾರ್, ನಡೆಯುತ್ತಾ?" ಅಂತ ಅವನೇ ಸಂಕೋಚ ಪಡ್ತಾನೆ. ನಡೆಯುತ್ತಪ್ಪ. ಏನು ಮಾಡೋಕಾಗುತ್ತೆ, ಅಡ್ಜಸ್ಟ್ ಮಾಡ್ಕೋತೀವಿ.

ಇದೇ ಜೋಡಿ ಬೇಲೂರು ದಾಟಿ ಚಿಕ್ಕಮಗಳೂರಿನ ಹೋಂಸ್ಟೇಗೆ ಫೋನ್ ಮಾಡಿದ್ರೆ ಕಥೆ ಉಲ್ಟಾ. "ಎಷ್ಟು ಜನ ಸಾರ್?" ಇಬ್ಬರು. "ಕಪಲ್ಲಾ?" ನಿಜ ಹೇಳೋದಾದ್ರೆ ಹೌದು. ಆದ್ರೆ ಬಾಯಿಗೆ ಬರೋದು "ಇಬ್ಬರೂ ಜೆಂಟ್ಸ್". "ಸಾರಿ ಸಾರ್, ಸ್ಟ್ಯಾಗ್ಸ್‌ಗೆ ಕೊಡಲ್ಲ, ಫ್ಯಾಮಿಲಿ ಮಾತ್ರ." ಲಾಡ್ಜಲ್ಲಿ ಫ್ರೆಂಡ್ಸ್ ಅಂದ್ಕೊಂಡು ರೂಮು ಕೊಡ್ತಾರೆ, ಹೋಂಸ್ಟೇಲಿ ಫ್ರೆಂಡ್ಸ್ ಅಂದ್ಕೊಂಡು ರೂಮು ಇಲ್ಲ ಅಂತಾರೆ. ನಮ್ಮನ್ನ ನಾವು ಏನೋ ಅದೇ ಅಂದ್ಕೊಂಡು ಬೈದವರು ಇಷ್ಟು ವರ್ಷದಲ್ಲಿ ಒಬ್ಬರೂ ಸಿಕ್ಕಿಲ್ಲ.

ನಾನು ತಿರುಗೋಕೆ ಶುರು ಮಾಡಿದ್ದು ಬೆಟ್ಟ ಗುಡ್ಡದ ಮೇಲಿನ ಪ್ರೀತಿಗಲ್ಲ. ಹಾಸನದಲ್ಲಿ ಯಾರಾದ್ರೂ ಹೊಸಬರು ಸಿಕ್ಕಿದ್ರೆ ಎರಡು ಮಾತಾಗೋದ್ರೊಳಗೆ ಯಾವೂರು, ಯಾರ ಮಗ, ಯಾರ ಪೈಕಿ, ಮದುವೆ ಊಟ ಯಾವಾಗ, ಎಲ್ಲ ಮುಗಿದಿರುತ್ತೆ. ಹಾಸನಾಂಬೆ ವರ್ಷಕ್ಕೊಂದು ಸಲ ಬಾಗಿಲು ತೆಗೀತಾಳೆ, ದೀಪಾವಳಿ ಮುಂಚೆ. ದರ್ಶನಕ್ಕೆ ಅಂತ ದೊಡ್ಡಮ್ಮ, ಸೋದರತ್ತೆ, ಅವರ ಬೀಗರು, ಎಲ್ಲರೂ ನಮ್ಮನೇಲೇ ಇಳ್ಕೊಳ್ಳೋದು. ಆ ವಾರ ನಂಗೆ ಕಡ್ಡಾಯವಾಗಿ ಆಫೀಸ್ ಟೂರು ಇರುತ್ತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯೋ ಹಗಲು ರೈಲು, 57 ಸುರಂಗ, ಕಿಟಕಿ ಪಕ್ಕದ ಸೀಟು. ಪಕ್ಕದಲ್ಲಿ ಕೂತವನು "ಎಲ್ಲಿಗೆ?" ಅಂತ ಕೇಳ್ತಾನೆ, ಅಲ್ಲಿಗೆ ಮುಗೀತು. ಯಾರ ಮಗ ಅಂತ ಕೇಳಲ್ಲ.

ಈಚೆಗೆ ಮದುವೆ ಪ್ರಶ್ನೆಯ ಬಿಸಿ ಸ್ವಲ್ಪ ಆರಿದೆ, ಅದಕ್ಕೊಂದು ವಿಚಿತ್ರ ಕಾರಣ. ನಮ್ಮ ಕಡೆ ಜಮೀನು ನೋಡ್ಕೊಳ್ಳೋ ಹುಡುಗರಿಗೆ ಹೆಣ್ಣೇ ಸಿಗ್ತಿಲ್ಲ. 2023ರಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗ್ಲಪ್ಪ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ರಲ್ಲ, ಆವತ್ತಿಂದ ಅಮ್ಮನೇ ಬಂದವರ ಹತ್ರ "ಎಲ್ಲಿ, ಈಗಿನ ಹೆಣ್ಮಕ್ಕಳು ಒಪ್ತಾವಾ" ಅಂತ ನನ್ನ ಪರ ವಾದ ಮಾಡ್ತಾಳೆ. ಬೇರೆಯವರ ಕಷ್ಟದ ನೆರಳಲ್ಲಿ ನಾನು ತಣ್ಣಗಿದೀನಿ. ಖುಷಿ ಪಡೋ ವಿಷಯ ಅಲ್ಲ, ಆದ್ರೂ ನೆರಳು ನೆರಳೇ.

ಆರೋಗ್ಯದ ವಿಷಯಕ್ಕೆ ಬರ್ತೀನಿ, ಈ ಪೋಸ್ಟ್ ಹಾಕಿದ್ದೇ ಅದಕ್ಕೆ. ಪರಿಚಯದ ಕಣ್ಣು ತಪ್ಪಿಸಿಕೊಳ್ಳೋಕೆ ರಜೆಗೆ ಹೊರಗೆ ಹೋಗೋದು ಸರಿ. ರಕ್ತಪರೀಕ್ಷೆಗೂ ಅದೇ ಅಭ್ಯಾಸ ಇಟ್ಕೊಂಡ್ರೆ ಪರೀಕ್ಷೆ ಆಗೋದೇ ಇಲ್ಲ ಅಂತ ನನ್ನ ವಾದ. "ಬೆಂಗಳೂರಿಗೆ ಹೋದಾಗ ಮಾಡಿಸೋಣ" ಅಂತಾರೆ. ಹೋಗ್ತಾರೆ, ಮಾಲ್ ನೋಡ್ತಾರೆ, ಯಾರನ್ನೋ ಭೇಟಿ ಆಗ್ತಾರೆ, ವಾಪಸ್ ಬರ್ತಾರೆ. ಹಂಗಾಗಿ ನಾನು ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ಅನ್ನೋ ಲೈಂಗಿಕ ರೋಗದ ಪರೀಕ್ಷೆ), ಶುಗರ್ರು, ಬಿಪಿ, ಎಲ್ಲ ಇಲ್ಲೇ ಊರಲ್ಲೇ ನೋಡಿಸ್ತೀನಿ. ನೀವೆಲ್ಲ ಏನು ಮಾಡ್ತೀರಾ?

ಹಾಂ, ಇನ್ನೊಂದು. ರಾಜ್ಯೋತ್ಸವ ಬಂದ್ರೆ ನಮ್ಮ ಗೆಳೆಯರ ಬಳಗ ರಕ್ತದಾನ ಶಿಬಿರ ಇಡುತ್ತೆ. ಗಂಡಸರ ಜೊತೆ ಸಂಬಂಧ ಇರೋ ಗಂಡಸರು ರಕ್ತ ಕೊಡೋ ಹಾಗಿಲ್ಲ ಅಂತ ದೇಶದ ರಕ್ತದಾನದ ಮಾರ್ಗಸೂಚಿಯಲ್ಲೇ ಇದೆ, 2017ರದ್ದು. ಒಬ್ಬನ ಜೊತೆಗೇ ಇಷ್ಟು ವರ್ಷ ಇದ್ರೂ ಲೆಕ್ಕಕ್ಕಿಲ್ಲ. ಬ್ಯಾನರ್ ಕಟ್ಟೋದು ನಾನು, ಬಾಳೆಹಣ್ಣು ಬಿಸ್ಕತ್ತು ಹಂಚೋದು ನಾನು, ಮಲಗೋ ಸರದಿ ಬಂದಾಗ "ಬಿಪಿ ಲೋ ಅಂತೆ ಕಣ್ರೋ". ವರ್ಷಾನುವರ್ಷ ಬಿಪಿ ಲೋ ಇರೋ ಇಷ್ಟು ದಪ್ಪ ಮನುಷ್ಯನನ್ನ ಅವರೂ ಹೆಂಗೆ ನಂಬ್ತಾರೋ.

ಇಂಬಳಕ್ಕೆ_ಉಪ್ಪು (ಮೂಡಿಗೆರೆ):

ಮಾರಾಯ್ರೆ, ನಿಮ್ಮದು ಜಿಲ್ಲಾ ಕೇಂದ್ರ, ನಡೆಯುತ್ತೆ. ನಮ್ಮ ತಾಲ್ಲೂಕಲ್ಲಿ ರಕ್ತ ತೆಗೆಯೋನು ನಮ್ಮ ಅತ್ತೆಯ ಮೈದುನ. ರಿಪೋರ್ಟ್ ಕೊಡೋ ಹುಡುಗಿ ನಮ್ಮ ತೋಟದ ರೈಟರ ಮಗಳು. ನಾನು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗ್ತೀನಿ. ಬರ್ತಾ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ಕೊಂಡು ಬಂದ್ರೆ ಆಯ್ತು. ಮನೇಲಿ ಕೇಳಿದ್ರೆ ಮೆಣಸಿನ ರೇಟು ವಿಚಾರಿಸೋಕೆ ಹೋಗಿದ್ದೆ ಅಂತೇನೆ. ಇದರಲ್ಲಿ ಎಂತ ತಪ್ಪು?

ಹೇಮಾವತಿ_ದಂಡೆ:

ತಪ್ಪು ಅಂದಿಲ್ಲ ಸಾರ್. ಮಳೆಗಾಲದಲ್ಲಿ ಘಟ್ಟ ಕುಸಿದಾಗ ಏನು ಮಾಡ್ತೀರಾ?

ಇಂಬಳಕ್ಕೆ_ಉಪ್ಪು (ಮೂಡಿಗೆರೆ):

ಮಳೆಗಾಲದಲ್ಲಿ ಬ್ರಹ್ಮಚರ್ಯ. 😄

ತಮಾಷೆ ಬಿಡಿ. ನಮ್ಮಲ್ಲಿಗೆ ಚಾರಣಕ್ಕೆ ಬರೋ ಪೇಟೆಯವರು ಇಂಬಳ ಕಂಡ್ರೆ ಹೌಹಾರ್ತಾರೆ. ಅದು ಒಂದಿಷ್ಟು ರಕ್ತ ಕುಡ್ದು ಬಿದ್ದು ಹೋಗುತ್ತೆ, ಅಷ್ಟೇ. ಬೇಸಿಗೆ ಹತ್ತಿರ ಬಂದಾಗ ಕೊಪ್ಪ, ಎನ್.ಆರ್.ಪುರ ಕಡೆ ಒಣ ಎಲೆ ಮೇಲೆ ಕೂರ್ತಾರಲ್ಲ, ಅಲ್ಲಿ ಹತ್ತೋ ಉಣ್ಣೆ ಬಗ್ಗೆ ಕ್ಯಾರೇ ಇಲ್ಲ. ಮಂಗನ ಕಾಯಿಲೆ ಬರೋದು ಅದರಿಂದ. ನಮ್ಮ ಹುಡುಗರ ಆರೋಗ್ಯದ ಭಯವೂ ಹೀಗೇ ಇದೆ. ಎಚ್‌ಐವಿ ಅಂದ್ರೆ ನಿದ್ದೆ ಬರಲ್ಲ, ಸಿಫಿಲಿಸ್ ಅಂದ್ರೆ "ಅದು ಅಜ್ಜನ ಕಾಲದ್ದಲ್ವಾ" ಅಂತಾರೆ.

ಬಿಳಿಕೋಟಿನ_ಅಕ್ಕ:

ಬಹಳ ವರ್ಷ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೋಣೆಯಲ್ಲಿ ಕೂತು ಕೆಲಸ ಮಾಡಿದವಳು ನಾನು. ಹೊರಗಿಂದ ನೋಡೋವ್ರಿಗೆ ಗೊತ್ತಿಲ್ಲದ ಒಂದಿಷ್ಟು ಹೇಳ್ತೀನಿ.

ಆ ಕೋಣೆಯಲ್ಲಿ ಪರೀಕ್ಷೆಗೆ ದುಡ್ಡಿಲ್ಲ. ಮೊದಲು ಆಪ್ತಸಮಾಲೋಚನೆ, ನಿಮ್ಮ ಒಪ್ಪಿಗೆ, ಆಮೇಲೆ ರಕ್ತ. ಸಾಮಾನ್ಯವಾಗಿ ಅವತ್ತೇ ಫಲಿತಾಂಶ. ಪಾಸಿಟಿವ್ ಅಂತ ಹೇಳಬೇಕಾದ್ರೆ ಮೂರು ಬೇರೆ ಬೇರೆ ಕಿಟ್‌ನಲ್ಲಿ ನೋಡಿರಲೇಬೇಕು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋದು, ನಿಮ್ಮ ವಿಷಯ ಇನ್ನೊಬ್ಬರ ಕಿವಿಗೆ ಹಾಕೋದು ಎರಡೂ 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. ಅದು ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಗಂಡಸರಿಬ್ಬರ ಸಂಬಂಧ ಅಪರಾಧ ಅಲ್ಲ ಅಂತ 377ನೇ ಕಲಮಿನ ತೀರ್ಪು ಬಂದ ನಾಲ್ಕು ದಿನಕ್ಕೆ. ತೀರ್ಪನ್ನ ಎಲ್ಲ ಟಿವಿಯವರೂ ತೋರಿಸಿದ್ರು, ಇದನ್ನ ಯಾರೂ ತೋರಿಸಲಿಲ್ಲ.

ಮೂಡಿಗೆರೆಯವರ ಮಾತು ಸುಳ್ಳಲ್ಲ. ಕಾಯ್ದೆ ಕಾಗದದ ಮೇಲಿರುತ್ತೆ, ಅತ್ತೆಯ ಮೈದುನ ಎದುರಿಗಿರ್ತಾನೆ. ನನ್ನ ಹತ್ರ ಬರ್ತಿದ್ದವರಲ್ಲೂ ಪಕ್ಕದ ಜಿಲ್ಲೆಯಿಂದ ಬಸ್ ಹತ್ತಿ ಬಂದವರು ತುಂಬಾ ಜನ. ಯಾಕಪ್ಪಾ ಇಷ್ಟು ದೂರ ಅಂತ ನಾನು ಯಾವತ್ತೂ ಕೇಳಲಿಲ್ಲ. ಮಂಗಳೂರಿಗಾದ್ರೂ ಹೋಗಿ, ಮೈಸೂರಿಗಾದ್ರೂ ಹೋಗಿ, ಹೋಗೋದು ತಪ್ಪಿಸಬೇಡಿ. ಎಲ್ಲಿದೆ ಅಂತ ತಿಳಿಯೋಕೆ 1097ಕ್ಕೆ ಫೋನ್ ಮಾಡಿ, ಉಚಿತ.

ಸಿಫಿಲಿಸ್ ಬಗ್ಗೆ: ಮೊದಲ ಹುಣ್ಣು ನೋಯಲ್ಲ. ತಾನಾಗೇ ಮಾಯುತ್ತೆ. ವಾಸಿಯಾಯ್ತು ಅಂದ್ಕೋತಾರೆ, ಆದ್ರೆ ಕಾಯಿಲೆ ಒಳಗೇ ಇರುತ್ತೆ. ಪೆನಿಸಿಲಿನ್ ಇಂಜೆಕ್ಷನ್‌ಗೆ ಬಗ್ಗೋ ಕಾಯಿಲೆ ಅದು, ಪರೀಕ್ಷೆ ಮಾಡಿಸಿದ್ರೆ ತಾನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರೋದು ಇದಕ್ಕೇ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು: ಮೊದಲನೆಯದು, ತಿಂಗಳಾದ ಮೇಲೆ, ಆರನೇ ತಿಂಗಳಿಗೆ. ದೊಡ್ಡವರಲ್ಲಿ ಹೆಚ್ಚಿನವರು ಹಾಕಿಸ್ಕೊಂಡೇ ಇಲ್ಲ.

ರಕ್ತದಾನದ ಶಿಬಿರದಲ್ಲಿ ಬಿಪಿ ಲೋ ಅಂತ ಸುಳ್ಳು ಹೇಳೋದರ ಬಗ್ಗೆ ನಂಗೇನೂ ಬೇಜಾರಿಲ್ಲ ತಮ್ಮ. ಕೆಲವರು "ಪರೀಕ್ಷೆ ಹೆಂಗೂ ಅವರೇ ಮಾಡ್ತಾರಲ್ಲ" ಅಂತ ಶಿಬಿರಕ್ಕೆ ಹೋಗಿ ರಕ್ತ ಕೊಡ್ತಾರೆ, ಬೇಜಾರು ಅದಕ್ಕೆ. ಸೋಂಕು ತಗುಲಿದ ಶುರುವಿನಲ್ಲಿ ಯಾವ ಪರೀಕ್ಷೆಯಲ್ಲೂ ಕಾಣದ ದಿನಗಳಿರುತ್ತವೆ. ಆ ರಕ್ತ ಯಾರದ್ದೋ ಮಗುವಿಗೆ ಹೋಗುತ್ತೆ. ಇಡೀ ಗುಂಪನ್ನೇ ದೂರ ಇಡೋ ನಿಯಮ ಸರಿ ಅಂತ ನಾನು ಹೇಳಲ್ಲ. ಬ್ರಿಟನ್‌ನಲ್ಲಿ 2021ರಿಂದ ಗಂಡಸು ಹೆಂಗಸು ಅಂತ ನೋಡದೆ ಎಲ್ಲರಿಗೂ ಒಂದೇ ಥರ ಪ್ರಶ್ನೆ ಕೇಳ್ತಾರೆ. ಅದು ಸರಿಯಾದ ದಾರಿ.

ಹೇಮಾವತಿ_ದಂಡೆ:

ಅಕ್ಕ, ಪ್ರೆಪ್ ಮಾತ್ರೆ ಬಗ್ಗೆಯೂ ಹೇಳಿ. ತಿರುಗಾಟಕ್ಕೆ ಹೊರಡೋ ಹುಡುಗರು ಬ್ಯಾಗಲ್ಲಿ ಇಟ್ಕೊಂಡು ಹೋಗ್ತಾರೆ, ಡಾಕ್ಟರ್ ಮುಖ ನೋಡದೇ.

ಬಿಳಿಕೋಟಿನ_ಅಕ್ಕ:

ಅದೇ ಕಷ್ಟ. ಸೋಂಕು ಬರದ ಹಾಗೆ ಮುಂಚೆಯೇ ತಗೊಳ್ಳೋ ಮಾತ್ರೆ ಅದು, ಒಳ್ಳೇದೇ. ಆದ್ರೆ ಶುರು ಮಾಡೋ ಮುಂಚೆ ಎಚ್‌ಐವಿ ಇಲ್ಲ ಅಂತ ಖಾತ್ರಿ ಆಗಬೇಕು, ಕಿಡ್ನಿ ನೋಡಬೇಕು, ಹೆಪಟೈಟಿಸ್ ಬಿ ನೋಡಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಸಿಫಿಲಿಸ್, ಗೊನೊರಿಯಾ ತಡೆಯೋ ಶಕ್ತಿ ಅದಕ್ಕಿಲ್ಲ, ಕಾಂಡೋಮ್ ಬೇಕೇ ಬೇಕು. ಸ್ನೇಹಿತನ ಡಬ್ಬಿಯಿಂದ ನಾಲ್ಕು ಮಾತ್ರೆ ಇಸ್ಕೊಂಡು ಗೋವಾಕ್ಕೆ ಹೊರಡೋದನ್ನ ಪ್ರೆಪ್ ಅನ್ನಲ್ಲ.

ತೋಟದಮನೆ_ಹೋಂಸ್ಟೇ:

ನಾನು ಗೇ ಅಲ್ಲ. ಚಿಕ್ಕಮಗಳೂರಿನ ಹತ್ತಿರ ನಾಲ್ಕು ರೂಮಿನ ಹೋಂಸ್ಟೇ ನಡೆಸ್ತೀನಿ. ಸ್ಟ್ಯಾಗ್ ನಿಯಮ ನಿಮ್ಮ ಮೇಲಿನ ದ್ವೇಷಕ್ಕೆ ಇಟ್ಟಿದ್ದಲ್ಲ ಸ್ವಾಮಿ. ಶನಿವಾರ ಎಂಟು ಜನ ಹುಡುಗರು ಬರ್ತಾರೆ, ಕಾಫಿ ಗಿಡದ ಮಧ್ಯೆ ಬಾಟ್ಲಿ ಒಡೀತಾರೆ, ರಾತ್ರಿ ಎರಡು ಗಂಟೆಗೆ ಸ್ಪೀಕರು. ಪಕ್ಕದ ರೂಮಲ್ಲಿ ಮಗು ಮಲಗಿರುತ್ತೆ. ಬೆಳಿಗ್ಗೆ ಬಾಟ್ಲಿ ಚೂರು ತುಳಿಯೋದು ತೋಟದ ಕೆಲಸದ ಹೆಂಗಸರು. ಫೋನಲ್ಲಿ "ಇಬ್ಬರು ಜೆಂಟ್ಸ್" ಅಂದ್ರೆ ಎಂಟು ಜನ ಬಂದಿಳಿದ ಅನುಭವವೂ ಇದೆ.

ಆದ್ರೆ ನಿಮ್ಮ ಪೋಸ್ಟ್ ಓದಿದ ಮೇಲೆ ಯೋಚನೆಗೆ ಬಿತ್ತು. ಕಪಲ್ಲಾ ಅಂತ ಕೇಳಿದಾಗ ಹೌದು ಅಂದಿದ್ರೆ ನಾನು ಏನು ಹೇಳ್ತಿದ್ದೆ? ಬಹುಶಃ ಒಂದು ಕ್ಷಣ ತಡವರಿಸ್ತಿದ್ದೆ. ಆಮೇಲೆ ಊಟಕ್ಕೆ ವೆಜ್ಜಾ ನಾನ್‌ವೆಜ್ಜಾ ಅಂತ ಕೇಳ್ತಿದ್ದೆ.

ಹೇಮಾವತಿ_ದಂಡೆ:

ನಾನ್‌ವೆಜ್. ಕಡುಬು, ಹಂದಿ ಸಾರು ಇದ್ರೆ ಇನ್ನೂ ಒಳ್ಳೇದು.

ಯಜಮಾನ್ರೆ, ಬಾಟ್ಲಿ ಒಡೆಯೋರ ಮೇಲಿನ ಸಿಟ್ಟು ನಂಗೆ ಅರ್ಥ ಆಗುತ್ತೆ. ಬೋರ್ಡಿನಲ್ಲಿ "ರಾತ್ರಿ ಹತ್ತರ ಮೇಲೆ ಸದ್ದಿಲ್ಲ, ಹೇಳಿದ್ದಕ್ಕಿಂತ ಹೆಚ್ಚು ಜನ ಬಂದ್ರೆ ಒಳಗೆ ಬಿಡಲ್ಲ" ಅಂತ ಬರೀರಿ. ಗಲಾಟೆ ಮಾಡೋ ಫ್ಯಾಮಿಲಿಗಳಿಗೂ ಅದು ತಾಕುತ್ತೆ. ಅವರೇನು ಕಡಿಮೆಯಾ?

ತೋಟದಮನೆ_ಹೋಂಸ್ಟೇ:

ಅಯ್ಯೋ ಅವರ ಕಥೆ ಕೇಳಬೇಡಿ. ಕಾರಿನ ಬಾಗಿಲು ತೆಗೆದಿಟ್ಟು ಅಂತ್ಯಾಕ್ಷರಿ.

ಒಗ್ಗರಣೆ_ಡಬ್ಬಿ:

ಬೇಲೂರು ಹಳೇಬೀಡು ಶ್ರವಣಬೆಳಗೊಳದಂಥ ಪುಣ್ಯಕ್ಷೇತ್ರ ಇರೋ ಜಿಲ್ಲೆಯಲ್ಲಿ ಕೂತು ಇಂಥ ವಿಷಯ ಚರ್ಚೆ ಮಾಡ್ತಿದ್ದೀರಲ್ಲ, ನಮ್ಮ ಸಂಸ್ಕೃತಿ ಏನು ಅಂತ ಒಂದ್ಸಲ ಯೋಚಿಸಿ.

ಶಿವನಿ_ಟು_ಸಿಂಗಾಪುರ:

ಅಣ್ಣ, ಬೇಲೂರಿನ ಗೋಡೆ ಒಂದ್ಸಲ ಸುತ್ತು ಹಾಕಿ ನೋಡಿದೀಯಾ? ವಿಷ್ಣು ಹೆಣ್ಣಾಗಿ ನಿಂತಿರೋ ಮೋಹಿನಿ ಕಂಬ ಒಳಗೇ ಇದೆ. ನಮ್ಮ ಹೊಯ್ಸಳರು ನಮ್ಮನ್ನ ಒಪ್ಕೊಂಡಿದ್ರು, ಕೆಟ್ಟಿದ್ದು ಬ್ರಿಟಿಷರಿಂದ.

ಶಾಸನಪ್ರಿಯ:

ಇಬ್ಬರಿಗೂ ಒಂದೊಂದು ಮಾತು.

377 ಬಂದಿದ್ದು 1860ರ ದಂಡಸಂಹಿತೆಯಿಂದ, ಅದು ನಿಜ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯ ಸಂಬಂಧವನ್ನ ಅದರಿಂದ ಬಿಡಿಸ್ತು. 2024ರ ಜುಲೈನಿಂದ ಜಾರಿಯಲ್ಲಿರೋ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಆದ್ರೆ ಅಲ್ಲಿಂದ "ಹೊಯ್ಸಳರು ನಮ್ಮನ್ನ ಒಪ್ಕೊಂಡಿದ್ರು" ಅನ್ನೋವರೆಗೆ ಜಿಗಿಯೋಕೆ ಸೇತುವೆ ಇಲ್ಲ. ಬೇಲೂರಿನ ದೇವಾಲಯ 1117ರದ್ದು, ವಿಷ್ಣುವರ್ಧನನ ಕಾಲ. ಮೋಹಿನಿ ಅಲ್ಲಿರೋದು ಪುರಾಣದ ಕಥೆಯಾಗಿ. ಅವತ್ತಿನ ಬೇಲೂರಿನ ಬೀದಿಯಲ್ಲಿ ಇಬ್ಬರು ಗಂಡಸರು ಹೇಗೆ ಬಾಳಿದ್ರು ಅನ್ನೋದನ್ನ ಆ ಕಂಬ ಹೇಳಲ್ಲ. ಶಿಲ್ಪದಲ್ಲಿ ಇದೆ ಅನ್ನೋ ಕಾರಣಕ್ಕೆ ನಮಗೆ ಹಕ್ಕು ಸಿಗೋದಾದ್ರೆ, ಇಲ್ಲ ಅಂತ ಯಾರಾದ್ರೂ ತೋರಿಸಿದ ದಿನ ಹೋಗುತ್ತಲ್ಲ?

ಒಗ್ಗರಣೆಯವರೆ, ನೀವು ಹೆಸರಿಸಿದ ಬೆಳಗೊಳದಲ್ಲಿ ಹತ್ತಿರ ಹತ್ತಿರ 58 ಅಡಿಯ ಬೆತ್ತಲೆ ಮೂರ್ತಿ ಸಾವಿರ ವರ್ಷದಿಂದ ನಿಂತಿದೆ. ಅಜ್ಜಿಯರು ಮೊಮ್ಮಕ್ಕಳನ್ನ ಕಂಕುಳಲ್ಲಿ ಎತ್ಕೊಂಡು ಹೋಗಿ ಕೈ ಮುಗಿದು ಬರ್ತಾರೆ. ಆ ಬೆಟ್ಟ ತ್ಯಾಗದ ಬಗ್ಗೆ, ನಮ್ಮ ಬಗ್ಗೆ ಅಲ್ಲ. ಆದ್ರೆ ಮೈಯ ಬಗ್ಗೆ ಮಾತಾಡಿದ್ರೇನೇ ಸಂಸ್ಕೃತಿ ಕೆಡುತ್ತೆ ಅನ್ನೋದಕ್ಕೆ ಆ ಕ್ಷೇತ್ರವನ್ನ ಸಾಕ್ಷಿಗೆ ಕರೀಬೇಡಿ.

ಒಗ್ಗರಣೆ_ಡಬ್ಬಿ:

ನಾನು ಬೆತ್ತಲೆ ಬಗ್ಗೆ ಹೇಳಿದ್ದಲ್ಲ. ಬಿಡಿ.

ದಮಾಮ್_ಟು_ಕಡೂರು:

ತಿರುಗಾಟ ಅಂದ್ರಲ್ಲ, ದೇಶದ ಹೊರಗಿನ ಮಾತು ನಾನು ಸೇರಿಸ್ತೀನಿ. ಕೊಲ್ಲಿಗೆ ಕೆಲಸಕ್ಕೆ ಹೋಗೋರಿಗೆ ವೀಸಾ ಮೆಡಿಕಲ್‌ನಲ್ಲಿ ಎಚ್‌ಐವಿ ಪರೀಕ್ಷೆ ಇರುತ್ತೆ, ಪಾಸಿಟಿವ್ ಆದ್ರೆ ವೀಸಾ ಇಲ್ಲ. ಏಜೆಂಟ್ ಹತ್ರ ದುಡ್ಡು ಕಟ್ಟಿದ ಮೇಲೆ ಅಲ್ಲಿ ಮೊದಲ ಸಲ ಗೊತ್ತಾಗೋದಕ್ಕಿಂತ, ಮುಂಚೆಯೇ ಊರಲ್ಲಿ ಮಾಡಿಸಿಕೊಳ್ಳೋದು ಲೇಸು. ಸೌದಿಯಲ್ಲಿ ನಮ್ಮಂಥವರ ಸಂಬಂಧವೇ ಅಪರಾಧ. ಫೋನಿನಲ್ಲಿ ಗೇ ಡೇಟಿಂಗ್ ಆ್ಯಪ್‌ಗಳನ್ನ ಇಟ್ಕೊಂಡು ವಿಮಾನ ಹತ್ತಬೇಡಿ. ಮಲೇಷ್ಯಾ, ಶ್ರೀಲಂಕಾ, ಮಾಲ್ಡೀವ್ಸ್‌ನಲ್ಲೂ ಕಾನೂನು ನಮ್ಮ ವಿರುದ್ಧವೇ ಇದೆ. ಬೀಚ್ ಫೋಟೋ ನೋಡಿ ಮರೀಬೇಡಿ.

ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಇಬ್ಬರು ಗಂಡಸರು ಮದುವೆನೇ ಆಗಬಹುದು. ನೇಪಾಳದಲ್ಲಿ 2023ರ ನವೆಂಬರ್‌ನಲ್ಲಿ ಮೊದಲ ಮದುವೆ ನೋಂದಣಿ ಆಯ್ತು. ನಮ್ಮಲ್ಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಗಲ್ಲ ಅಂತು.

ಹೇಮಾವತಿ_ದಂಡೆ:

ಮದುವೆ ದೂರದ ಮಾತು. ನನ್ನ ಹರ್ನಿಯಾ ಆಪರೇಷನ್‌ಗೆ ಅಡ್ಮಿಟ್ ಆದಾಗ ಫಾರಂನಲ್ಲಿ "ರೋಗಿಗೆ ಸಂಬಂಧ" ಅನ್ನೋ ಕಡೆ ನನ್ನವನು "ಭಾವ" ಅಂತ ಬರೆದ. ನನಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ. ಅಮ್ಮ ಅದನ್ನ ಓದಿ ಏನೂ ಕೇಳಲಿಲ್ಲ. ಮಾರನೇ ದಿನದಿಂದ ಕ್ಯಾರಿಯರ್‌ನಲ್ಲಿ ಇಬ್ಬರಿಗೂ ಮುದ್ದೆ, ಸೊಪ್ಪಿನ ಸಾರು ಬರ್ತಿತ್ತು.

ಶಾಸನಪ್ರಿಯ:

ಭಾವನ ವಿಷಯದಲ್ಲಿ ಒಂದು ಉಪಯೋಗದ ಮಾತು: ಸಂಗಾತಿಯ ಜೊತೆ ಜಂಟಿ ಬ್ಯಾಂಕ್ ಖಾತೆ ತೆಗೆಯೋಕೆ, ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ ಅಂತ 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟ ಮಾಡಿದೆ. ಬ್ಯಾಂಕಲ್ಲಿ ಭಾವ ಅಂತ ಬರೆಯೋ ಅಗತ್ಯ ಇಲ್ಲ.

ಹೊಸಬ_ಎಚ್‌ಎಸ್‌ಎನ್:

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಾನು ಹಾಸನದಲ್ಲಿ ಓದ್ತಿರೋದು. ಮೊನ್ನೆ ರಾತ್ರಿ ಸಕಲೇಶಪುರದ ಕಡೆ ಟ್ರಿಪ್ ಹೋಗಿದ್ದಾಗ ಒಬ್ಬರ ಜೊತೆ... ಕಾಂಡೋಮ್ ಹರಿದು ಹೋಯ್ತು. ಅವರು ಆಮೇಲೆ ಫೋನ್ ತೆಗೀತಿಲ್ಲ. ಶನಿವಾರ ಬೆಂಗಳೂರಿಗೆ ಹೋಗಿ ಟೆಸ್ಟ್ ಮಾಡಿಸೋಣ ಅಂತಿದೀನಿ. ಇಲ್ಲಿ ಹಾಸ್ಟೆಲ್‌ನವರು ಯಾರಾದ್ರೂ ನೋಡಿದ್ರೆ ಅಂತ ಭಯ. ಮೂರು ದಿನ ಕಾದ್ರೆ ಏನಾದ್ರೂ ಆಗುತ್ತಾ?

ಬಿಳಿಕೋಟಿನ_ಅಕ್ಕ:

ಆಗುತ್ತೆ. ಶನಿವಾರ ಬೇಡ ಪುಟ್ಟ, ಈಗಲೇ ಹೊರಡು. ಈ ಹೊತ್ತಲ್ಲಿ ಬೇಕಿರೋದು ಬರೀ ಟೆಸ್ಟ್ ಅಲ್ಲ, ಪೆಪ್ ಅನ್ನೋ ಮಾತ್ರೆ. ಸೋಂಕು ತಗುಲಿದ್ರೂ ಬೇರು ಬಿಡದ ಹಾಗೆ ತಡೆಯೋಕೆ ಕೊಡೋದು. 72 ಗಂಟೆ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಮೊನ್ನೆ ರಾತ್ರಿ ಅಂದ್ರೆ ಆ ಗಡುವು ನಾಳೆ ರಾತ್ರಿಗೇ ಮುಗಿಯುತ್ತೆ, ಅಲ್ಲಿವರೆಗೂ ಕಾಯಬೇಡ, ಇವತ್ತೇ ಹೋಗು. ಜಿಲ್ಲಾ ಆಸ್ಪತ್ರೆಗೆ ಹೋಗಿ ಎಆರ್‌ಟಿ ಕೇಂದ್ರ (ಎಚ್‌ಐವಿ ಔಷಧಿ ಕೊಡೋ ಕಡೆ) ಕೇಳು. ಅದು ಮುಚ್ಚಿದ್ರೆ ಕ್ಯಾಶುಯಾಲ್ಟಿಯಲ್ಲಿ "ಪೆಪ್ ಬೇಕು, ಇಂಥ ಹೊತ್ತಿಗೆ ಆಗಿದ್ದು" ಅಂತ ನೇರವಾಗಿ ಹೇಳು. 28 ದಿನದ ಕೋರ್ಸು. ಮೊದಲೇ ಒಂದು ರಕ್ತಪರೀಕ್ಷೆ ಮಾಡ್ತಾರೆ, ಹೆದರಬೇಡ, ಅದು ನೀನು ಇಲ್ಲಿವರೆಗೆ ಹೇಗಿದ್ದೆ ಅಂತ ತಿಳಿಯೋಕೆ.

ಮನಸ್ಸು ತಡೀದಿದ್ರೆ 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ. ಆದ್ರೆ ಮೊದಲು ಆಸ್ಪತ್ರೆ.

ಇಂಬಳಕ್ಕೆ_ಉಪ್ಪು (ಮೂಡಿಗೆರೆ):

ಹಾಸ್ಟೆಲ್‌ನವರು ಕಂಡ್ರೆ ನಾಯಿ ಕಚ್ಚಿತು, ಇಂಜೆಕ್ಷನ್‌ಗೆ ಬಂದೆ ಅನ್ನು ತಮ್ಮ. ಯಾರೂ ಎರಡನೇ ಪ್ರಶ್ನೆ ಕೇಳಲ್ಲ.

ಹೇಮಾವತಿ_ದಂಡೆ:

ನಾನು ಹಾಸನದಲ್ಲೇ ಇದೀನಿ. ಒಬ್ಬನೇ ಹೋಗೋಕೆ ಆಗದಿದ್ರೆ ಮೆಸೇಜ್ ಮಾಡು, ಗೇಟ್ ಹತ್ರ ಬರ್ತೀನಿ. ಒಳಗೆ ಬಾ ಅಂದ್ರೆ ಬರ್ತೀನಿ, ಬೇಡ ಅಂದ್ರೆ ಹೊರಗೇ ಟೀ ಕುಡೀತಾ ಇರ್ತೀನಿ.

ಹೊಸಬ_ಎಚ್‌ಎಸ್‌ಎನ್:

ಹೋಗಿ ಬಂದೆ. ಅಣ್ಣ ಜೊತೆಗೆ ಬಂದಿದ್ರು. ಮೊದಲು ಸಿಕ್ಕಿದವರು ಪೆಪ್ ಅಂದ್ರೆ ಏನು ಅಂತ ನಂಗೇ ಕೇಳಿದ್ರು 😐 ಆಮೇಲೆ ಒಬ್ಬ ಮೇಡಂ ಬಂದು ಎಲ್ಲ ಮಾಡಿಕೊಟ್ಟರು, ಬೈಯಲಿಲ್ಲ. ಮಾತ್ರೆ ಕೊಟ್ಟಿದ್ದಾರೆ, ಮೊದಲನೇದು ಅಲ್ಲೇ ನುಂಗಿದೆ. ಈಗ ಹೊಟ್ಟೆ ತೊಳೆಸ್ತಿದೆ, ಎದೆ ಉರಿ. ಮೆಸ್‌ನಲ್ಲಿ ಚಿತ್ರಾನ್ನ. ಅಸಿಡಿಟಿ ಟಾನಿಕ್ ಕುಡಿಬಹುದಾ ಅಕ್ಕ?

ಬಿಳಿಕೋಟಿನ_ಅಕ್ಕ:

ಶಾಣ್ಯಾ ಹುಡುಗ. ಟಾನಿಕ್ ಕುಡಿಬಹುದು, ಆದ್ರೆ ಮಾತ್ರೆ ಜೊತೆಗೆ ಬೇಡ. ಪೊಟ್ಟಣದ ಮೇಲೆ ಡೋಲುಟೆಗ್ರಾವಿರ್ ಅಂತ ಇದ್ರೆ, ಮಾತ್ರೆ ತಗೊಂಡು ಎರಡು ಗಂಟೆ ಆದ ಮೇಲೆ ಟಾನಿಕ್. ಟಾನಿಕ್ ಮೊದಲು ಕುಡಿದಿದ್ರೆ ಆರು ಗಂಟೆ ಬಿಟ್ಟು ಮಾತ್ರೆ. ಐರನ್, ಕ್ಯಾಲ್ಸಿಯಂ ಮಾತ್ರೆಗೂ ಅದೇ ಲೆಕ್ಕ. ಹೊಟ್ಟೆ ತೊಳೆಸೋದು ಸಾಮಾನ್ಯವಾಗಿ ಕೆಲವು ದಿನಕ್ಕೆ ಕಡಿಮೆ ಆಗುತ್ತೆ. ವಾಂತಿ ಜಾಸ್ತಿಯಾದ್ರೆ, ಮೈಮೇಲೆ ಗುಳ್ಳೆ ಎದ್ರೆ ಅದೇ ಮೇಡಂ ಹತ್ರ ಹೋಗು, ನೀನೇ ಮಾತ್ರೆ ನಿಲ್ಲಿಸಬೇಡ. ಮರುಪರೀಕ್ಷೆ ತಾರೀಕು ಫೋನಲ್ಲಿ ಹಾಕ್ಕೋ.

ಚಿತ್ರಾನ್ನ ಬಿಡು ಇವತ್ತು. ಮೊಸರನ್ನ ಸಿಗುತ್ತಾ ನೋಡು.